ಬಸ್ರಾದಲ್ಲಿ ಸತ್ತ ಗುಡ್ಡನ ಪದಕ

ಕುಂದಾಪುರ, ೧೯೪೮

ಮಗಾ ಸೂರ,

ಬರ್ಮಾದ ಯುದ್ಧದಲ್ಲಿ ತೀರಿಹೋದ ನಿನಗೆ ಸರಕಾರ ಕೊಟ್ಟ ಪದಕ ಸೋಮವಾರ ಅಂಚೆಯಲ್ಲಿ ಬಂತು. ಅದರ ಅಂಚಿನಲ್ಲಿ ನಿನ್ನ ಹೆಸರು ಕೊರೆದಿದ್ದಾರೆ. ನಾನು ಕೂಡಿಟ್ಟ ಪದಕಗಳ ಪೆಟ್ಟಿಗೆ ತೆಗೆಯಹೋದಾಗ ನಿನ್ನ ಅಬ್ಬೆ ಕೈ ಹಿಡಿದಳು.

"ಇದನ್ ಅದ್ರಗ್ ಹಾಕೂಕಾಗ," ಎಂದಳು.

ಆಮೇಲೆ ಒಬ್ಬನೇ ಪೆಟ್ಟಿಗೆ ಬಿಚ್ಚಿ ಕೂತೆ. ಇಂಗ್ಲೆಂಡಿನ ರಾಜಕುಮಾರ ಮದ್ರಾಸಿಗೆ ಬಂದಾಗ ಹಂಚಿದ್ದು, ಪಟ್ಟಾಭಿಷೇಕದ್ದು, ಹಿಂದಿನ ಯುದ್ಧದ್ದು. ಅವನ್ನೆಲ್ಲ ನೀನು ಹುಣಸೆಹುಳಿ ಹಚ್ಚಿ ತಿಕ್ಕಿ, ಅಂಗಿಗೆ ಚುಚ್ಚಿಕೊಂಡು ಅಂಗಳದಲ್ಲಿ ಕವಾಯತು ಮಾಡುತ್ತಿದ್ದೆ. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಆ ಹಿಂದಿನ ಯುದ್ಧಕ್ಕೆ ಹೋಗಿ ಬಸ್ರಾದಲ್ಲಿ ಸತ್ತ ಗುಡ್ಡ ಎಂಬವನ ಪದಕವನ್ನು ಅವನ ಹೆಂಡತಿ ಬೆಳ್ಳಿಯ ಕೈಯಿಂದ ನಾವಿಬ್ಬರೂ ಹೋಗಿ ಕೊಂಡು ತಂದಿದ್ದೆವಲ್ಲ, ಇವತ್ತು ದೋಣಿಯಲ್ಲಿ ಹೊಳೆ ದಾಟಿ ಅವಳ ಊರಾದ ಕೋಡಿಗೆ ಹೋಗಿ ಅದನ್ನು ಅವಳಿಗೇ ಕೊಟ್ಟೆ.

ಮೀನು ಒಣಗಿಸುತ್ತಿದ್ದ ಬೆಳ್ಳಿ ಕೈ ಒರೆಸಿಕೊಂಡಳು. "ಎಂತಕ್ ತಂದ್ರಿ, ಒಡೆಯಾ?"

"ಇದ್ರ ಅಂಚಗೆ ನಿನ್ ಗಂಡನ್ ಹೆಸ್ರ್ ಇತ್," ಎಂದೆ.

ಅವಳಿಗದು ಗೊತ್ತೇ ಇರಲಿಲ್ಲ. ಎಲ್ಲಿ ಎಂದು ಕೇಳಿದಳು. ತೋರಿಸಿದೆ. ಓದು ಬಾರದ ಅವಳು ಆ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರುತ್ತ ಬಹಳ ಹೊತ್ತು ಕೂತಳು.

ನಾನು ಹೊರಟು ನಿಂತಾಗ ತಲೆಯೆತ್ತಿ ಕೇಳಿದಳು: "ಅವತ್ ಒಟ್ಟಿಗ್ ಬಂದಿದ್ ನಿಮ್ ಮಗ ಮಿಲಿಟ್ರಿಗ್ ಸೇರಿದ್ನಂಬ್ರಲೆ, ಊರಿಗ್ ಯಾವಾಗ್ ಬಪ್ದ್?"

"ಬತ್ತ, ಬೆಳ್ಳಿ," ಎಂದೆ. "ಬತ್ತ."

ನೀನು ಬರುತ್ತೀ ಎಂದೇ ಹೇಳಿ ದೋಣಿ ಹತ್ತಿದೆ, ಮಗಾ.

ನಿನ್ನ ಅಪ್ಪ