ಬಲಗಡೆಯ ಮರದ ಮೊಳೆ

ಓರಾತ್ಸಿಯೊ ಅಣ್ಣಾ,

ಮೊಳೆಯ ಕಥೆಯನ್ನು ಮೊದಲು ಹೇಳಿದವನು ಅಪ್ಪ, ನೀನು ಉಳಿ ಹಿಡಿದ ಚಳಿಗಾಲದಲ್ಲಿ. ಪಿಟೀಲಿನ ಬೆನ್ನಹಲಗೆ ಜಾರದಂತೆ ಹೊಡೆಯುವ ಮರದ ಮೊಳೆಯೇ ಮಾಡಿದವನ ಗುರುತು. ಅಪ್ಪನದು ನಡುಗೆರೆಯ ಎಡಕ್ಕೆ. ನೀನು ಹಟಕ್ಕೆ ಬಲಕ್ಕೆ ಹೊಡೆದೆ. ಆ ಜಗಳದಲ್ಲೇ ಕ್ರೆಮೋನಾ ಬಿಟ್ಟೆ, ವೆನಿಸಿನಲ್ಲಿ ಜ್ವರಕ್ಕೆ ತೀರಿಕೊಂಡೆ. ಸಾಯುವವರೆಗೂ ಅಪ್ಪ ನಿನ್ನ ಹೆಸರೆತ್ತಲಿಲ್ಲ.

ನಿನ್ನೆ ಅವನು ಮಾಡಿದ ಕೊನೆಯ ಪಿಟೀಲು ದುರಸ್ತಿಗೆ ಬಂತು. ಬೆನ್ನಿನ ಕೊಳೆ ಒರೆಸಿದೆ. ಮೊಳೆ ಬಲಕ್ಕಿತ್ತು. ಅಮ್ಮನನ್ನು ಕರೆದು ಹೇಳಿದೆ.

"ಕಣ್ಣು ಮಂಜಾಯ್ತೇನೇ ನಿಂಗೆ? ಆ ಮೊಂಡ ಮುದುಕ ದೇವರು ಹೇಳಿದ್ರೂ ಎಡ ಬಿಡ್ತಿರ್ಲಿಲ್ಲ," ಎಂದಳು ಅಮ್ಮ.

ಅವಳ ಬೆರಳು ಹಿಡಿದು ಮೊಳೆಯ ಮೇಲಿಟ್ಟೆ.

ಇವತ್ತು ಬೆಳಿಗ್ಗೆ ಅಮ್ಮ ಪೆಟ್ಟಿಗೆಯಿಂದ ನಿನ್ನ ತೊಗಲಿನ ಏಪ್ರನ್ ತೆಗೆದು, ಕೊಡವಿ, ಗೋಡೆಯ ಮೇಲೆ ಅಪ್ಪನದರ ಪಕ್ಕಕ್ಕೆ ನೇತುಹಾಕಿದಳು.