ಹೊಲಿಗೆಯ ತಪ್ಪಲ್ಲ

ಚಿಕ್ಕಮ್ಮ,

ನೀನು ಏಳುವ ಮುಂಚೆಯೇ ಆಸ್ಪತ್ರೆಗೆ ಹೋಗಿ ಸರದಿ ಹಿಡಿಯುತ್ತೇನೆ. ಹತ್ತಕ್ಕೆ ನೀನು ಅಲ್ಲಿರಬೇಕು. ಹಾಲು ಕಾಯಿಸಿದ್ದೇನೆ, ಕುಡಿದು ಬಾ.

ಮುಟ್ಟು ನಿಂತು ಏಳು ವರ್ಷವಾದ ನಿನ್ನ ಬಟ್ಟೆಯಲ್ಲಿ ನಿನ್ನೆ ರಕ್ತದ ಕಲೆ ನೋಡಿದೆ. ಕೇಳಿದರೆ, "ಹೊಲಿಗೆ ಉಜ್ಜಿರ್ಬೇಕು ಕಣೇ, ತುರಿಕೆ ಅಷ್ಟೆ" ಅಂದೆ. ಊರಿಗೆಲ್ಲ ಬಟ್ಟೆ ಹೊಲಿಯುವವಳು ನೀನು, ತಪ್ಪನ್ನೂ ಹೊಲಿಗೆಯ ಮೇಲೆಯೇ ಹಾಕಿದೆ. ತುರಿಕೆ ಶುರುವಾದ ಈ ಆರು ತಿಂಗಳಲ್ಲಿ ನೀನು ಹೊಲಿಗೆಯನ್ನು ಹೊರಕ್ಕೆ ತಿರುಗಿಸಿ ಹನ್ನೊಂದು ಒಳಚಡ್ಡಿ ಹೊಲಿದುಕೊಂಡೆ. ತುರಿಕೆ ಹೋಯಿತೇ? ಈಗ ಅಲ್ಲೊಂದು ಗಂಟು, ತಿಂಗಳಾದರೂ ಮಾಯದ ಹುಣ್ಣು.

ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ. ಅಲ್ಲ ಎಂದು ನೀನೂ ಹೇಳಬೇಡ. ಆ ಜಾಗಕ್ಕೂ ಬರುತ್ತದಂತೆ. ಬೇಗ ತೋರಿಸಿದರೆ ದಾರಿಯಿದೆಯಂತೆ. ಡಾಕ್ಟರ್ ಹೆಂಗಸೇ. ತುರಿಕೆ, ರಕ್ತ, ಗಂಟು ಎಲ್ಲವನ್ನೂ ಹೇಳು, ನುಂಗಬೇಡ.

ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು.

"ಗಿರಾಕಿ ಬರ್ತಾಳೆ, ಎರಡು ಕೋಟು ಬಾಕಿ" ಎಂದು ಮಿಷನ್ ಮುಂದೆ ಕೂರಬೇಡ. ಅದರ ಅಡಿದಾರ ಸುತ್ತುವ ಬಾಬಿನ್ ನನ್ನ ಚೀಲದಲ್ಲಿದೆ. ಡಬ್ಬಿಯಲ್ಲಿದ್ದ ಬೇರೆ ಬಾಬಿನ್‌ಗಳೂ ಚೀಲದಲ್ಲೇ ಇವೆ. ಡಾಕ್ಟರ್ ನೋಡಿದ ಮೇಲೆ ಕೊಡುತ್ತೇನೆ.

ನನ್ನನ್ನು ಬೈಯಲಿಕ್ಕಾದರೂ ಬಾ.