ನೆರಳಿನಲ್ಲಿ ಒಣಗಿಸಿದ ಪುದೀನ

ಮುದ್ದಿನ ತಂಗಿಗೆ,

ಹೇಗಿದ್ದೀಯೇ? ನಿನ್ನ ಯಜಮಾನರ ಮಂಡಿನೋವು ಇಳಿಯಿತೇ? ನಮ್ಮ ಗುಂಡಮ್ಮನಿಗೆ ಮುಂದಿನ ಹಲ್ಲು ಬಂತೇ?

ನನಗೆ ಜ್ವರ ಬಿಟ್ಟು ಎರಡು ತಿಂಗಳಾಯಿತು. ಮೂಗಿಗೆ ಮಾತ್ರ ಇನ್ನೂ ಯಾವ ವಾಸನೆಯೂ ತಿಳಿಯುತ್ತಿಲ್ಲ. ಒಣಗಿಸಿದ ಎಲೆಗಳ ಡಬ್ಬಿಯ ಮೇಲೆ ನಾನು ಎಂದೂ ಹೆಸರು ಬರೆದವಳಲ್ಲ, ಮುಚ್ಚಳ ತೆಗೆದು ಮೂಸಿದರೆ ಸಾಕಿತ್ತು. ಹಾಗಾಗಿ ಕಳೆದ ತಿಂಗಳು ಪುದೀನವೆಂದುಕೊಂಡು ದೊಡ್ಡಪತ್ರೆ ಹಾಕಿ ಚಹಾ ಮಾಡಿಬಿಟ್ಟೆ. ನಿನ್ನ ಭಾವ ನಾಲ್ಕು ದಿನ ತುಟಿಪಿಟಕ್ಕೆನ್ನದೆ ಕುಡಿದರು! ಕೊನೆಗೆ ಎಲೆ ನೋಡಿ ನನಗೇ ಗೊತ್ತಾಗಿ ಕೇಳಿದರೆ, “ಚೆನ್ನಾಗೇ ಇತ್ತಲ್ಲೇ” ಅಂದರು.

ಹೋದ ವಾರ, ಅಮ್ಮ ನೆಟ್ಟು ಹೋದ ಪುದೀನದ ಪಾತಿಯ ಪಕ್ಕ ಕುರ್ಚಿಯಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ಅಮ್ಮ ಬಂದು ಎಲೆ ಕೊಯ್ದ ಕೈಯಿಂದಲೇ ನನ್ನ ಕೆನ್ನೆ ಸವರಿದಳು. ಎಂಥ ಘಮ ಅಂತೀಯ! ಎದ್ದು ಒಂದು ಎಲೆ ಹೊಸಕಿ ನೋಡಿದೆ. ಬೆರಳು ಹಸಿರಾಯಿತು, ಅಷ್ಟೇ.

ಆ ದಿನವೇ ನಾಲ್ಕು ಕುಡಿ ಕೊಯ್ದು, ನೆರಳಿನಲ್ಲಿ ಒಣಗಿಸಿ ಈ ಲಕೋಟೆಯಲ್ಲಿಟ್ಟಿದ್ದೇನೆ. ಅಂಗೈಯಲ್ಲಿ ಉಜ್ಜಿ ಮೂಸು. ಅಮ್ಮನ ಕೈಯ ಹಾಗೇ ಇದೆಯೇ? ನಿನ್ನ ಭಾವನಂತೆ ಚೆನ್ನಾಗಿದೆ ಎಂದಷ್ಟೇ ಬರೆದು ಜಾರಿಕೊಳ್ಳಬೇಡ. ಹೇಗಿದೆ ಎಂದು ಬಿಡಿಸಿ ಬರೆ, ಓದಿಯಾದರೂ ಮೂಸುತ್ತೇನೆ.

ಘಮ ಅಂಗೈಯಲ್ಲಿರುವಾಗಲೇ ಬರೆಯಲು ಕೂತುಬಿಡು.

ನಿನ್ನ ಪತ್ರದ ದಾರಿ ಕಾಯುವ,
ಅಕ್ಕ